ಕೂಸಿಲ್ಲದ ಬಾಣಂತನ

ತಲೆಗೆ ಆಪರೇಷನ್ ಆಗಿದೆ ಎಂದರು. ಆದರೆ ಅಕ್ಕನ ತಲೆಯ ಮೇಲೆ ಒಂದು ಗೀರೂ ಇರಲಿಲ್ಲ. ಗಾಯ ಇದ್ದದ್ದು ತೊಡೆಯ ಸಂದಿನಲ್ಲಿ, ಅದೂ ಹೆಸರುಕಾಳಿನಷ್ಟು. ನಮ್ಮಮ್ಮನಿಗೆ ಅಷ್ಟೇ ಸಾಕಾಯಿತು.

“ಗಾಯ ಎಲ್ಲೈತೆ ನೋಡು,” ಅಂದಳು, ಅಕ್ಕನನ್ನು ಆಸ್ಪತ್ರೆಯಿಂದ ಕರೆತಂದು ಮಂಚದ ಮೇಲೆ ಮಲಗಿಸಿದ ಕೂಡಲೇ. “ಕೆಳಗೈತೆ. ರಕ್ತ ಹೋಗೈತೆ, ಮೈ ಹಸಿಯಾಗೈತೆ. ಇದಕ್ಕೆ ಬಾಣಂತನ ಅನ್ನದೆ ಇನ್ನೇನಂತಾರೆ?”

“ಅಮ್ಮ, ಅವಳಿಗೆ ಐವತ್ತು ದಾಟೈತೆ,” ಅಂದೆ ನಾನು.

“ವಯಸ್ಸು ನೋಡೋದು ಬಸುರಿಗೆ ಕಣೇ. ಬಾಣಂತನಕ್ಕೆಂಥ ವಯಸ್ಸು?”

ಈ ಮಾತಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೆ ಕಾರಣ ಹೇಳಬೇಕು. ನಮ್ಮ ಕಡೆ ಸೋದರಮಾವನಿಗೆ ಹೆಣ್ಣು ಕೊಡುವುದು ವಾಡಿಕೆ. ಅಕ್ಕನನ್ನು ಕೊಟ್ಟದ್ದು ಅಮ್ಮನ ಒಡಹುಟ್ಟಿದ ತಮ್ಮನಿಗೇ. ನನಗೆ ಅವನು ಭಾವನಾದರೂ ನಾನು ಕರೆಯುವುದು ಮಾವ ಎಂದೇ, ಅಕ್ಕ ಕರೆಯುವುದೂ ಮಾವ ಎಂದೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಂದು ನೆಲೆಸಿದ್ದು ಅದೇ ಮನೆಯಲ್ಲಿ. ಹೀಗೆ ಅವಳು ಹೆಣ್ಣು ಕೊಟ್ಟ ತಾಯಿಯೂ ಹೌದು, ಗಂಡಿನ ಅಕ್ಕನೂ ಹೌದು. ಎರಡು ಕಡೆಯ ಪಾರುಪತ್ಯವೂ ಒಬ್ಬಳ ಕೈಗೇ ಸಿಕ್ಕರೆ ತಕರಾರು ತೆಗೆಯುವವರು ಯಾರು? ತೆಗೆಯುತ್ತಿದ್ದವಳು ಅಕ್ಕ ಒಬ್ಬಳೇ. ಅವಳೇ ಈಗ ಮಂಚ ಹಿಡಿದಿದ್ದಳು.

ದೇವನಹಳ್ಳಿ ಆಚೆಯ ವಿಜಯಪುರದಲ್ಲಿ ಅಕ್ಕನ ಬೀದಿಗೆ ಬೆಳಗಾಗುವುದೇ ರೇಷ್ಮೆಗೂಡು ಬೇಯುವ ವಾಸನೆಯಿಂದ. ಮಾವನ ಮನೆಯ ಹಿಂದಿನ ಶೆಡ್ಡಿನಲ್ಲಿ ನೂಲು ಬಿಚ್ಚುವ ಕೆಲಸ. ಗೂಡು ಕೊಂಡು ತರುವುದು ಮಾವ. ಅದನ್ನು ಬಿಸಿನೀರಿಗೆ ಹಾಕಿ, ಎಳೆಯ ತುದಿ ಹಿಡಿದು, ನಾಲ್ಕಾರು ಗೂಡಿನ ಎಳೆ ಕೂಡಿಸಿ ರಾಟೆಗೆ ಹತ್ತಿಸುವ ಹೆಂಗಸರನ್ನು ಆಳುವುದು ಅಕ್ಕ. ಆಳುವುದು ಎಂದರೆ ಬಾಯಲ್ಲಿ. “ಎಳೇನ ನಿನ್ನ ಗಂಡನ್ನ ಹಿಡ್ದಂಗೆ ಹಿಡೀಬೇಡ ಕಣೇ, ತಪ್ಪಿಸ್ಕೊಂಡು ಹೋಗ್ತದೆ,” ಎನ್ನುವಳು. ಬೈಸಿಕೊಂಡವರೇ ಮೊದಲು ನಗುತ್ತಿದ್ದರು. ನಾನು ಎರಡು ಬೀದಿ ಆಚೆಗೆ ಕೊಟ್ಟ ಹೆಣ್ಣು. ರಾಟೆಗಳ ಸದ್ದನ್ನು ದಾಟಿ ಅವಳ ದನಿ ನನ್ನ ಅಡುಗೆಮನೆಗೂ ಬರುತ್ತಿತ್ತು ಎಂದರೆ ನೀವು ನಂಬಬೇಕು.

ಒಂದು ಬೆಳಗ್ಗೆ ಆ ದನಿ ಮಾತಿನ ಮಧ್ಯದಲ್ಲೇ ನಿಂತಿತು. “ತಲೆ ಒಳಗೆ ಯಾರೋ ಪಟಾಕಿ ಹಚ್ಚಿದಂಗಾಯ್ತು,” ಎಂದವಳು ಅಲ್ಲೇ ಕೂತಳಂತೆ. ವಾಂತಿಯಾಯಿತು, ಕತ್ತು ಕೊರಡಿನ ಹಾಗೆ ಬಿಗಿಯಿತು. ಊರಿನ ಡಾಕ್ಟರು ನೋಡಿದವರೇ ಬೆಂಗಳೂರಿಗೆ ಓಡಿಸಿದರು. ಅಲ್ಲಿ ತಿಳಿದದ್ದು ಇಷ್ಟು: ಮಿದುಳಿನ ಒಂದು ರಕ್ತನಾಳದ ಗೋಡೆ ಸಡಿಲವಾಗಿ ಗುಳ್ಳೆಯಂತೆ ಉಬ್ಬಿದೆ, ಆ ಗುಳ್ಳೆ ಸೀಳಿ ರಕ್ತ ಸೋರಿದೆ. ತಲೆಬುರುಡೆ ತೆರೆಯಬೇಕಿಲ್ಲ. ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆಯೊಂದನ್ನು ಮೇಲಕ್ಕೆ ಹತ್ತಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯನ್ನು ಸುರುಳಿಯಾಗಿ ತುಂಬಿ ಮುಚ್ಚಿಬಿಡುತ್ತೇವೆ ಎಂದರು. ಮುಚ್ಚಿದರು.

ವಾರ್ಡಿಗೆ ಬಂದ ಮೇಲೆ ಡಾಕ್ಟರಮ್ಮ ಇದನ್ನೇ ಬಿಡಿಸಿ ಹೇಳಿದಾಗ ಅಕ್ಕ ಕಣ್ಣು ಮುಚ್ಚಿ ಯೋಚಿಸಿದಳು. ಆಮೇಲೆ, “ಹಂಗಾದ್ರೆ ನಮ್ಮದಕ್ಕೆ ಉಲ್ಟಾ. ನಾವು ಗೂಡಿಂದ ಎಳೆ ಹೊರಗೆ ತೆಗೀತೀವಿ, ನೀವು ಎಳೆ ಒಳಗೆ ಬಿಟ್ಟು ಗೂಡು ಕಟ್ಟಿದೀರ,” ಅಂದಳು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಗಟ್ಟಿಯಾಗಿ ನಕ್ಕುಬಿಟ್ಟರು. “ಬಿಚ್ಕೊಳ್ದೇ ಇರೋ ಹಂಗೆ ಕಟ್ಟಿದೀವಿ ಅಮ್ಮ.”

ಮನೆಗೆ ಕಳಿಸುವಾಗ ಅದೇ ಡಾಕ್ಟರಮ್ಮ ನಮ್ಮನ್ನು ನಿಲ್ಲಿಸಿ ಹೇಳಿದ್ದರು: ಗುಳ್ಳೆ ಮುಚ್ಚಿತು ಎಂದು ಕತೆ ಮುಗಿಯಲಿಲ್ಲ. ವಾರಗಳು, ತಿಂಗಳುಗಳು ಕಳೆದ ಮೇಲೂ ತೊಂದರೆ ಬರಬಹುದು. ತಲೆನೋವು ಬಂದರೆ, ಮಂಕು ಕವಿದರೆ, ನಡಿಗೆ ಬದಲಾದರೆ ಫೋನ್ ಮಾಡಿ. ನಮ್ಮ ಕಿವಿಗೆ ಬಿದ್ದದ್ದು ತಲೆನೋವು ಎನ್ನುವ ಒಂದೇ ಮಾತು. ತಲೆಯ ಕಾಯಿಲೆಗೆ ಕಾಲು ನೋಡಬೇಕು ಎಂದು ಯಾರಿಗೆ ಹೊಳೆಯುತ್ತದೆ?

ಹಾಗೆ ಶುರುವಾಯಿತು ಅಕ್ಕನ ಬಾಣಂತನ. ನಡುಮನೆಯ ಪಕ್ಕದ ಕೋಣೆಯ ಕಿಟಕಿ ಮುಚ್ಚಿತು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಂಜೆಯಾದರೆ ಸಾಂಬ್ರಾಣಿ ಹೊಗೆ. ಊಟಕ್ಕೆ ಬಿಸಿ ಅನ್ನ, ತುಪ್ಪ, ಮೆಣಸಿನ ಸಾರು. ಮೊಸರು ಶೀತ, ಅವರೆಕಾಯಿ ವಾಯು, ತಣ್ಣೀರು ವಿಷ. ಮಂಚದಿಂದ ಬಚ್ಚಲಿಗೆ ಹೋಗಬೇಕಾದರೂ ಒಂದು ತೋಳಿಗೆ ಅಮ್ಮ, ಇನ್ನೊಂದು ತೋಳಿಗೆ ನಾನೋ ಶೆಡ್ಡಿನ ಹೆಂಗಸರಲ್ಲಿ ಒಬ್ಬಳೋ. ಮಾವನಿಗೆ ಕೋಣೆಯ ಬಾಗಿಲವರೆಗೆ ಮಾತ್ರ ಅಪ್ಪಣೆ.

“ನನ್ನ ಹೆಂಡ್ತಿ ಮುಖ ನೋಡಕ್ಕೂ ನಿನ್ನ ಕೇಳ್ಬೇಕೇನಕ್ಕ?” ಅಂದ ಮಾವ ಒಂದು ದಿನ.

“ಮೂವತ್ತು ವರ್ಷ ನೋಡಿದೀಯಲ್ಲೋ, ಸಾಲದಾ? ಹೋಗು, ಗೂಡು ಬೆಂದೈತಾ ನೋಡು.”

ಮೊದಮೊದಲು ಅಕ್ಕ ಮಂಚದ ಮೇಲಿಂದಲೇ ಎಲ್ಲರಿಗೂ ಮಂಗಳಾರತಿ ಎತ್ತುತ್ತಿದ್ದಳು. “ಈ ಹೊಗೇಲಿ ನನ್ನನ್ನೂ ಗೂಡಿನ ಹುಳ ಮಾಡ್ಬಿಟ್ರು,” ಎನ್ನುವಳು. ಶೆಡ್ಡಿನ ಹೆಂಗಸರನ್ನು ಗೋಡೆಯ ಆಚೆಯಿಂದ ಹೆಸರು ಹಿಡಿದು ಕೂಗಿ ಬೈಯುವಳು. ತಿಂಗಳಾದ ಮೇಲೆ ಆಸ್ಪತ್ರೆಗೆ ಹೋಗಿ ತೋರಿಸಿದಾಗಲೂ ಹೀಗೇ ಇದ್ದಳು. ಎಲ್ಲ ಸರಿಯಿದೆ ಎಂದು ಕಳಿಸಿದ್ದರು.

ಆಮೇಲೆ ನಿಧಾನಕ್ಕೆ ಅವಳ ಬೈಗುಳ ಕಡಿಮೆಯಾಯಿತು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಊಹೂಂ. ತಟ್ಟೆ ಮುಂದಿಟ್ಟರೆ ಉಣ್ಣುವಳು, ಇಡದಿದ್ದರೆ ಕೇಳಳು. ಗೋಡೆಯನ್ನೇ ನೋಡುತ್ತ ಕೂತರೆ ಕೂತೇ ಇರುವಳು. ಇದನ್ನು ನೋಡಿ ನಾವು ಏನು ಮಾಡಿದೆವು ಗೊತ್ತೇ? ಸಂತೋಷಪಟ್ಟೆವು! ಹೊಸಕೋಟೆಗೆ ಕೊಟ್ಟಿರುವ ಅವಳ ಮಗಳು ಬಂದವಳು, “ಅಮ್ಮ ಎಷ್ಟು ಸಮಾಧಾನ ಆಗ್ಬಿಟ್ಟಿದಾಳೆ ಚಿಕ್ಕಮ್ಮ,” ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಅಮ್ಮನಂತೂ ಬೀದಿಯಲ್ಲಿ ಸಿಕ್ಕವರಿಗೆಲ್ಲ, “ನನ್ನ ಕೈ ಬಾಣಂತನ ಅಂದ್ರೆ ಹಂಗೆ. ನೋಡು, ಹುಲಿಯಂಥೋಳು ಹಸು ಆಗವ್ಳೆ,” ಎಂದು ಸಾರಿಕೊಂಡು ಬಂದಳು.

ಹಾಸಿಗೆ ಆಗಾಗ ಒದ್ದೆಯಾಗತೊಡಗಿತು. ಬಾಣಂತಿಗೆ ಸೊಂಟ ಸಡಿಲ, ಅದೆಲ್ಲ ಇದ್ದದ್ದೇ ಎಂದು ಅಮ್ಮ ದುಪ್ಪಟಿ ಬದಲಿಸಿದಳು. ನನಗೆ ಅಳುಕು ಇತ್ತು. ಅಕ್ಕ ಮಾತು ಬಿಡುವ ಜಾತಿಯಲ್ಲ. ಆದರೆ ನಾನೂ ಅದನ್ನು ಒಂದು ಹೆಸರಿಟ್ಟು ಹೇಳಲಾರದೆ ಹೋದೆ. ಎರಡು ಕಡೆಯಿಂದ ಇಬ್ಬರು ತೋಳು ಹಿಡಿದು ನಡೆಸುವವಳ ಕಾಲು ಹೇಗಿದೆಯೆಂದು ಹಿಡಿದವರಿಗೂ ಕಾಣುವುದಿಲ್ಲ.

ಬಾಣಂತನ ಅಂದ ಮೇಲೆ ಅದನ್ನು ಮುಗಿಸುವ ಶಾಸ್ತ್ರವೂ ಇರಬೇಕಲ್ಲ. ಮೂರು ತಿಂಗಳು ತುಂಬಿದ ಮೇಲೆ ಅಮ್ಮ ಒಳ್ಳೆಯ ದಿನ ನೋಡಿ ಗಂಗೆಪೂಜೆ ಇಟ್ಟಳು. ಬಾಣಂತಿ ತಲೆಗೆ ಎರೆದುಕೊಂಡು, ಹೊಸ ಸೀರೆ ಉಟ್ಟು, ನೀರಿನ ತಾವಿಗೆ ಹೋಗಿ ಗಂಗಮ್ಮನಿಗೆ ಅರಿಸಿನ ಕುಂಕುಮ ಇಟ್ಟು, ಕೊಡ ತುಂಬಿ ಸೊಂಟಕ್ಕೇರಿಸಿಕೊಂಡು ಬರಬೇಕು. ಅಲ್ಲಿಗೆ ಅವಳು ಮತ್ತೆ ಮನೆಯ ಕೆಲಸಕ್ಕೆ ಸೇರಿದ ಹಾಗೆ. ಬಾವಿ ಈಗೆಲ್ಲಿ? ಬೀದಿಯ ಸಿಮೆಂಟ್ ತೊಟ್ಟಿಯೇ ಗಂಗಮ್ಮ.

ಹೆಂಗಸರು ಸೇರಿದರು. ಎದುರುಮನೆಯಾಕೆ ಬಾಯಿ ಸುಮ್ಮನಿರದವಳು. “ಬಾಣಂತನ ಎಲ್ಲ ಸರಿ ಕಣಜ್ಜಿ, ಕೂಸೆಲ್ಲಿ?” ಅಂದಳು.

“ಅವಳ ತಲೇನೇ ಕೂಸು,” ಅಂದಳು ಅಮ್ಮ, ಒಂದಿಷ್ಟೂ ನಗದೆ. “ಹೊಸದಾಗಿ ಹುಟ್ಟೈತೆ. ನೀನು ದೃಷ್ಟಿ ಹಾಕ್ಬೇಡ.”

ಎಲ್ಲರೂ ನಗುತ್ತಿದ್ದರು. ಅಕ್ಕನ ಸೊಂಟಕ್ಕೆ ಖಾಲಿ ಕೊಡ ಇಟ್ಟರು. ಈ ಶಾಸ್ತ್ರದಲ್ಲಿ ಒಂದು ಕಟ್ಟಳೆ ಇದೆ. ಹೊಸ್ತಿಲು ದಾಟುವಾಗ ಯಾರೂ ಅವಳನ್ನು ಹಿಡಿಯುವ ಹಾಗಿಲ್ಲ. ಅಮ್ಮ ಒಂದು ತೋಳು ಬಿಟ್ಟಳು, ನಾನು ಇನ್ನೊಂದು ತೋಳು ಬಿಟ್ಟೆ.

ಅಕ್ಕ ನಿಂತಲ್ಲೇ ನಿಂತಳು. “ಬಾರೇ, ಹೊತ್ತು ಮೀರ್ತದೆ,” ಅಂದಳು ಅಮ್ಮ. ಅಕ್ಕನ ಪಾದಗಳು ನೆಲಕ್ಕೆ ಅಂಟು ಹಾಕಿದ ಹಾಗೆ ಇದ್ದವು. ಎತ್ತಬೇಕೆಂಬ ಆಸೆ ಮೊಣಕಾಲಿನವರೆಗೆ ಬರುತ್ತಿತ್ತು, ಅಲ್ಲಿಂದ ಕೆಳಕ್ಕೆ ಇಳಿಯುತ್ತಿರಲಿಲ್ಲ. ಒಂದು ಪಾದವನ್ನು ಗೇಣಿನಷ್ಟೂ ಅಲ್ಲ, ಬೆರಳಿನಷ್ಟು ಮುಂದೆ ಉಜ್ಜಿದಳು. ಇನ್ನೊಂದನ್ನೂ ಉಜ್ಜಿದಳು. ಕೊಡ ಜಾರಿ ಬಿದ್ದು ಠಣಠಣ ಎಂದು ಬೀದಿಗೆ ಉರುಳಿತು. ಅವಳು ಅದನ್ನು ನೋಡಲಿಲ್ಲ. ನನ್ನ ಮುಖ ನೋಡಿ, ಮೆಲ್ಲಗೆ, “ಯಾರದೇ ಬಾಣಂತನ?” ಅಂದಳು. ಅಷ್ಟರಲ್ಲಿ ಹೊಸ ಸೀರೆಯ ಅಂಚಿನಿಂದ ನೀರು ನೆಲದ ಮೇಲೆ ಹರಿಯಿತು.

ಯಾರೂ ನಗಲಿಲ್ಲ. ಬಾಯಿಬಡಕಿ ಎದುರುಮನೆಯಾಕೆಯೇ ಮೊದಲು ಬಂದು, ತನ್ನ ಸೆರಗು ಅಡ್ಡ ಹಿಡಿದು, ಬೀದಿಯ ಕಡೆ ಬೆನ್ನು ಮಾಡಿ ನಿಂತಳು. ಆ ಒಂದು ಉಪಕಾರಕ್ಕೆ ಅವಳ ಎಲ್ಲ ಮಾತುಗಳನ್ನೂ ಕ್ಷಮಿಸಿದ್ದೇನೆ.

“ಸನ್ನಿ,” ಅಂದಳು ಅಮ್ಮ. “ಬಾಣಂತಿ ಸನ್ನಿ ಕಣೇ ಇದು. ಎಲ್ಲೋ ಗಾಳಿ ಬಡಿದೈತೆ. ಸಾಂಬ್ರಾಣಿ ತನ್ನಿ.”

“ಅಮ್ಮ, ಸುಮ್ನಿರು,” ಅಂದೆ. ಅವಳಿಗೆ ನಾನು ಹಾಗಂದದ್ದು ಅದೇ ಮೊದಲು. ಆಸ್ಪತ್ರೆಯವರು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಅದೃಷ್ಟಕ್ಕೆ ಡಾಕ್ಟರಮ್ಮನೇ ಸಿಕ್ಕರು. ನಡಿಗೆ ಹೇಗಿದೆ ಎಂದರು. ಕಾಲು ನೆಲಕ್ಕೆ ಅಂಟಿದೆ ಎಂದೆ. ಮರೆವು ಇದೆಯಾ? ಇದೆ. ಮೂತ್ರ ತಡೆಯೋಕೆ ಆಗ್ತಾ ಇದೆಯಾ? ಇಲ್ಲ. “ಇವತ್ತೇ ಕರ್ಕೊಂಡು ಬನ್ನಿ. ಭಯ ಬೇಡ, ಆದ್ರೆ ತಡ ಮಾಡ್ಬೇಡಿ,” ಅಂದರು.

ಮಾವ ಶೆಡ್ಡಿನಿಂದ ಒದ್ದೆ ಕೈಯಲ್ಲೇ ಓಡಿ ಬಂದವನು ಯಾರನ್ನೂ ಏನೂ ಕೇಳಲಿಲ್ಲ. ಬಾಡಿಗೆ ಕಾರು ತರಿಸಿ, ಅಕ್ಕನನ್ನು ಎತ್ತಿಕೊಂಡು ಅದರೊಳಗೆ ಕೂರಿಸಿದ. ಬಾಗಿಲವರೆಗೆ ಮಾತ್ರ ಎಂಬ ಅಪ್ಪಣೆ ಅಲ್ಲಿಗೆ ಮುಗಿಯಿತು.

ಸ್ಕ್ಯಾನ್ ನೋಡಿ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡರು. ಗುಳ್ಳೆಗೆ ತುಂಬಿದ ತಂತಿ ಜರುಗಿಲ್ಲ, ಅದು ಭದ್ರವಾಗಿದೆ ಎಂದರು. ತೊಂದರೆ ಬೇರೆ. ಮಿದುಳಿನಲ್ಲಿ ನೀರಿನಂಥ ದ್ರವ ಯಾವಾಗಲೂ ಊರುತ್ತಿರುತ್ತದೆ, ಹಾಗೇ ಇಂಗುತ್ತಿರುತ್ತದೆ. ಅಂದು ಸೋರಿದ ರಕ್ತದ ಕಸ ಆ ಇಂಗುವ ಜಾಗಗಳನ್ನು ಕಟ್ಟಿಹಾಕಿದೆ. ಊರುವುದು ನಿಂತಿಲ್ಲ, ಇಂಗುವುದು ನಿಂತಿದೆ. ನೀರು ನಿಂತು ನಿಂತು ಮಿದುಳನ್ನು ಒತ್ತುತ್ತಿದೆ. ಕೆಲವರಿಗೆ ಇದು ಹೀಗೆ ತಿಂಗಳುಗಳು ಕಳೆದ ಮೇಲೆ ಕಳ್ಳಹೆಜ್ಜೆ ಇಟ್ಟು ಬರುತ್ತದೆ.

ಮಾವ ಕೆರೆಯ ಕೆಳಗಿನ ಗದ್ದೆಯಲ್ಲಿ ಬೆಳೆದವನು. “ನೀರು ಹೊರಗೆ ಬಿಡೋ ತೂಬು ಕಟ್ಕೊಂಡೈತೆ ಅನ್ನಿ,” ಅಂದ.

“ಹೂಂ, ಹಂಗೇ. ಇನ್ನೊಂದು ತೂಬು ಇಡ್ಬೇಕು.” ತಲೆಯಿಂದ ಚರ್ಮದ ಕೆಳಗೇ ಹೊಟ್ಟೆಯವರೆಗೆ ಒಂದು ಸಣ್ಣ ನಳಿಕೆ. ಹೆಚ್ಚಾದ ನೀರು ಹೊಟ್ಟೆಗೆ ಇಳಿದು ಅಲ್ಲಿ ಇಂಗುತ್ತದೆ. ಅದಕ್ಕೆ ಷಂಟ್ ಎನ್ನುತ್ತಾರೆ.

“ಒಂದ್ಸಲ ತಂತಿ, ಇನ್ನೊಂದ್ಸಲ ಪೈಪು,” ಅಂದಳು ಅಮ್ಮ. “ನನ್ನ ಮಗಳ ತಲೆ ಏನು ಬೋರ್‌ವೆಲ್ಲಾ? ನಾನೊಪ್ಪಲ್ಲ. ಲೋ ತಮ್ಮ, ನೀನೂ ಒಪ್ಬೇಡ.”

ಮಾವನಿಗೂ ಹೆದರಿಕೆಯೇ. ಡಾಕ್ಟರಮ್ಮ ಕೋಪ ಮಾಡಿಕೊಳ್ಳಲಿಲ್ಲ. ಮೊದಲು ಒಂದು ಪರೀಕ್ಷೆ ಮಾಡೋಣ ಎಂದರು. ಸೊಂಟದ ಹತ್ತಿರ ಬೆನ್ನಿಗೆ ಸೂಜಿ ಹಾಕಿ ಸ್ವಲ್ಪ ನೀರು ತೆಗೆಯುವುದು. ತೆಗೆಯುವ ಮೊದಲೊಮ್ಮೆ ನಡೆಸುವುದು, ತೆಗೆದ ಮೇಲೊಮ್ಮೆ ನಡೆಸುವುದು. ನಡಿಗೆ ಸುಧಾರಿಸಿದರೆ ಷಂಟ್ ಕೆಲಸ ಮಾಡುತ್ತದೆ ಎಂದು ನಂಬಬಹುದು. ಆದರೆ ಈ ಸುಧಾರಣೆ ಉಳಿಯುವುದಿಲ್ಲ, ನೀರು ಮತ್ತೆ ತುಂಬುತ್ತದೆ, ಅದನ್ನು ನೆನಪಿಟ್ಟುಕೊಳ್ಳಿ ಎಂದರು.

ಮೊದಲ ನಡಿಗೆಯನ್ನು ನಾನು ಪೂರ್ತಿ ನೋಡಲಾರದೆ ಹೋದೆ. ವಾರ್ಡಿನ ಉದ್ದಕ್ಕೂ ಅಕ್ಕ ಪಾದ ಉಜ್ಜಿಕೊಂಡು ಹೋದಳು. ತಿರುಗುವ ಜಾಗದಲ್ಲಿ ಗಡಿಯಾರದ ಮುಳ್ಳಿನಂತೆ ಇಷ್ಟಿಷ್ಟೇ ಸರಿದು ತಿರುಗಿದಳು. ಆಮೇಲೆ ಸೂಜಿ ಹಾಕಿದರು. ಬಂದ ನೀರು ತಿಳಿಯಾಗಿತ್ತು, ನಮ್ಮ ಕುಡಿಯುವ ನೀರಿಗಿಂತ ತಿಳಿ. ಇಷ್ಟು ತಿಳಿಯಾದ ನೀರು ಇಷ್ಟು ಕೇಡು ಮಾಡುತ್ತದೆಯೇ ಎಂದು ಅಮ್ಮ ಬಾಯಿಗೆ ಸೆರಗು ಹಿಡಿದು ನೋಡಿದಳು.

ಮಲಗಿಸಿದರು. ಊಟದ ಹೊತ್ತು ಕಳೆಯಿತು. ನಾನು ಮಂಚದ ಪಕ್ಕ ತೂಕಡಿಸುತ್ತಿದ್ದೆ. “ಮಾವ,” ಎಂಬ ದನಿ ಕೇಳಿತು. ಕನಸು ಎಂದುಕೊಂಡೆ. ಮತ್ತೆ ಕೇಳಿತು. “ಮಾವ, ಅದೇನು ಅಂಗಿ ಗುಂಡಿ ಒಂದರದು ಇನ್ನೊಂದಕ್ಕೆ ಹಾಕ್ಕೊಂಡಿದೀಯ? ಹಿಂಗೇ ಬೆಂಗಳೂರಿಗೆ ಬಂದ್ಯಾ? ಮರ್ಯಾದೆ ಇಲ್ವಾ?”

ಮಾವ ಅಂಗಿ ನೋಡಿಕೊಂಡ. ನಿಜ, ಒಂದು ಪಕ್ಕ ಮೇಲೆ, ಒಂದು ಪಕ್ಕ ಕೆಳಗೆ. ಅವನಿಗೆ ನಗು ಬಂತೋ ಅಳು ಬಂತೋ, ಎರಡೂ ಸೇರಿ ಕೆಮ್ಮು ಬಂತು.

“ಇದು ಯಾವ ಕಾಲ ಈಗ?” ಎಂದಳು ನನ್ನ ಕಡೆ ತಿರುಗಿ.

“ಅವರೆಕಾಯಿ ಕಾಲ ಅಕ್ಕ. ಸಂಕ್ರಾಂತಿ ಹತ್ರ ಬಂತು.”

“ಅವರೆಕಾಯಿ ಬಂದು ಹೋಗೋ ಹೊತ್ತಾಯ್ತು, ನನಗಿನ್ನೂ ಮೆಣಸಿನ ಸಾರೇ? ಅಮ್ಮ, ನಿನ್ನ ಬಾಣಂತನಕ್ಕಿಷ್ಟು ಬೆಂಕಿ ಹಾಕ!”

ಬೈಸಿಕೊಂಡ ಅಮ್ಮ ಅಲ್ಲೇ ನಿಂತಿದ್ದ ನರ್ಸಮ್ಮನ ಕೈ ಹಿಡಿದುಕೊಂಡು, “ನನ್ನ ಮಗಳು ಬಂದ್ಲು ಕಣಮ್ಮ, ನನ್ನ ಮಗಳು ಬಂದ್ಬಿಟ್ಲು,” ಎಂದು ಗಳಗಳ ಅತ್ತಳು.

ಎರಡನೆಯ ಸಲ ನಡೆಸಿದರು. ಅಕ್ಕನ ಹಿಮ್ಮಡಿ ನೆಲ ಬಿಟ್ಟು ಎದ್ದಿತು. ಪಾದ ಗಾಳಿಯಲ್ಲಿ ಇಷ್ಟು ಮುಂದೆ ಹೋಗಿ ಇಳಿಯಿತು. ಇನ್ನೊಂದೂ ಹಾಗೇ. ತಿರುಗುವ ಜಾಗದಲ್ಲಿ ತಿರುಗಿಯೇ ಬಿಟ್ಟಳು. ಪಕ್ಕದ ಮಂಚಗಳ ರೋಗಿಗಳು, ಅವರ ಕಡೆಯವರು, ಎಲ್ಲ ಎದ್ದು ಕೂತಿದ್ದರು. ಯಾರೋ ಚಪ್ಪಾಳೆ ತಟ್ಟಿದರು. ಅಕ್ಕ ನಿಂತು, “ಏನಪ್ಪಾ, ಹೆಂಗಸು ನಡೆಯೋದು ನೋಡಿಲ್ವಾ ನೀವು?” ಅಂದಳು.

ಡಾಕ್ಟರಮ್ಮ ಅವಳನ್ನು ಕೂರಿಸಿ ಎಲ್ಲವನ್ನೂ ಮೊದಲಿಂದ ಹೇಳಿದರು. ತೂಬಿನ ಮಾತನ್ನೂ ಹೇಳಿದರು, ಮಾವನ ಕಡೆ ನೋಡುತ್ತ. ಅಪಾಯಗಳನ್ನೂ ಮುಚ್ಚಿಡಲಿಲ್ಲ. ನಳಿಕೆ ಕಟ್ಟಿಕೊಳ್ಳಬಹುದು, ಸೋಂಕು ತಗಲಬಹುದು. ಆಮೇಲೆ, “ಇದು ನಿಮ್ಮ ತಲೆ. ನೀವೇನಂತೀರಿ?” ಎಂದರು.

ಅಲ್ಲಿಯವರೆಗೂ ಅಮ್ಮ ಒಪ್ಪುತ್ತಾಳಾ, ಮಾವ ಒಪ್ಪುತ್ತಾನಾ ಎಂದು ನಾವು ಗುದ್ದಾಡಿದ್ದೆವು. ಅಕ್ಕನನ್ನು ಯಾರೂ ಕೇಳಿರಲಿಲ್ಲ.

“ಹಾಕಿ,” ಅಂದಳು ಅಕ್ಕ. “ಇಷ್ಟು ದಿನ ನಾನು ಎಲ್ಲಿದ್ದೆ ಅಂತ ನನಗೇ ಗೊತ್ತಿಲ್ಲ. ಆ ತಾವಿಗೆ ಮತ್ತೆ ಹೋಗಲ್ಲ ನಾನು.” ಆಮೇಲೆ ಮಾವನನ್ನು ಹತ್ತಿರ ಕರೆದಳು. “ನೋಡು ಮಾವ. ನೀರು ಮತ್ತೆ ತುಂಬ್ತದಂತೆ. ನಾಳೆ ನಾನು ಮಂಕಾಗಿ ಏನೇನೋ ಅಂದ್ರೆ ಕೇಳ್ಬೇಡ. ಈಗ ಹೇಳ್ತಿರೋದೇ ನನ್ನ ಮಾತು. ಇದನ್ನ ನೀನು ಹಿಡ್ಕೊಂಡಿರ್ಬೇಕು.”

ಒಪ್ಪಿಗೆಯ ಕಾಗದಕ್ಕೆ ಅವಳೇ ಸಹಿ ಹಾಕಿದಳು.

ಅವಳು ಹೆದರಿದ ಹಾಗೇ ಆಯಿತು. ಮಾರನೆಯ ದಿನವೆಲ್ಲ ಅವಳ ಕಣ್ಣಿನ ಬೆಳಕು ಸ್ವಲ್ಪ ಸ್ವಲ್ಪವೇ ಇಳಿಯಿತು. ಆಪರೇಷನ್ನಿಗೆ ಕರೆದೊಯ್ಯುವ ಬೆಳಗಿನ ಹೊತ್ತಿಗೆ ಅಕ್ಕ ಮತ್ತೆ ಗೋಡೆ ನೋಡುತ್ತಿದ್ದಳು. ತಳ್ಳುಗಾಡಿ ಬಂದಾಗ ಮಂಚದ ಸರಳು ಹಿಡಿದುಕೊಂಡು, “ಬ್ಯಾಡ. ಮನೆಗೆ ಹೋಗಣ,” ಅಂದಳು. ಪುಟ್ಟ ಮಗುವಿನ ದನಿ.

“ಅವಳೇ ಬ್ಯಾಡ ಅಂತಾವ್ಳೆ ಕಣೋ,” ಅಮ್ಮ ತಮ್ಮನ ಎದುರು ಕೈ ಮುಗಿದಳು. “ಅವಳ ಮಾತಾದ್ರೂ ಕೇಳೋ. ಕರ್ಕೊಂಡು ಹೋಗಣ.”

ಮಾವ ತನ್ನ ಅಕ್ಕನ ಮಾತನ್ನು ಹುಟ್ಟಿದಾಗಿನಿಂದ ಮೀರಿದವನಲ್ಲ. ಮದುವೆಯೂ ಅವಳು ಹೇಳಿದಲ್ಲಿ, ಮನೆಯೂ ಅವಳು ಹೇಳಿದ ಹಾಗೆ. ಅವನು ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ, ಬೆಂದ ಗೂಡಿನಿಂದ ಎಳೆ ಬಿಡಿಸುವಷ್ಟು ಹಗುರಾಗಿ ಸರಳಿನಿಂದ ಬಿಡಿಸಿದ.

“ಮೊನ್ನೆ ಮಾತಾಡಿದೋಳು ನನ್ನ ಹೆಂಡ್ತಿ,” ಅಂದ ಅಮ್ಮನಿಗೆ. “ಇವತ್ತು ಮಾತಾಡ್ತಿರೋದು ಆ ನೀರು. ನಾನು ನೀರಿನ ಮಾತು ಕೇಳಲ್ಲ ಅಕ್ಕ.”

ಗಾಡಿ ಒಳಗೆ ಹೋಯಿತು. ಹೊರಗೆ ಕೂತ ಆ ಹೊತ್ತಿನಲ್ಲಿ ಅಮ್ಮ, ಮಾವ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಅಮ್ಮ ಸರಿದು ಸರಿದು ಅವನ ಪಕ್ಕಕ್ಕೆ ಬಂದಳು. ಸೆರಗಿನ ತುದಿಯಿಂದ ಎಲೆ ಅಡಿಕೆ ಬಿಚ್ಚಿ ಅವನ ಕೈಗೆ ಕೊಟ್ಟಳು. ಮಾವ ಜಗಿಯಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ, ಡಾಕ್ಟರಮ್ಮ ಬಂದು ಆಯಿತು, ಚೆನ್ನಾಗಿ ಆಯಿತು ಎನ್ನುವವರೆಗೂ.

ಈ ಸಲ ಬೆಳಕು ಇಳಿಯಲಿಲ್ಲ. ಒಂದು ದಿನಕ್ಕಿಂತ ಮಾರನೆಯ ದಿನ ಮಾತು ಹೆಚ್ಚಾಯಿತು, ಹಾಸಿಗೆ ಒಣಗಿತು, ಹೆಜ್ಜೆ ಅಗಲವಾಯಿತು. ಅಕ್ಕ ದಿನವೂ ಕಣ್ಣು ಬಿಟ್ಟ ಕೂಡಲೇ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು. ಶೆಡ್ಡಿನ ಹೆಂಗಸರ ಹೆಸರನ್ನು ಒಂದು ಸಾಲಾಗಿ ಹೇಳಿ, ಪ್ರತಿ ಹೆಸರಿಗೂ ಒಂದು ಬೈಗುಳ ಸೇರಿಸುವಳು. ಬೈಗುಳ ಒಂದಕ್ಕೊಂದು ಬೇರೆಯಾಗಿದ್ದರೆ ತಲೆ ಸರಿಯಿದೆ ಎಂದು ಅವಳ ಲೆಕ್ಕ.

ಕಿವಿಯ ಹಿಂದೆ ಕೂದಲು ತೆಗೆದ ಜಾಗದಲ್ಲಿ ಒಂದು ಗಾಯ, ಹೊಟ್ಟೆಯ ಮೇಲೆ ಒಂದು ಸಣ್ಣ ಗಾಯ. ಮನೆಗೆ ಹೊರಡುವ ದಿನ ಅಮ್ಮ ಸೀರೆ ಉಡಿಸುವಾಗ ಹೊಟ್ಟೆಯ ಗಾಯವನ್ನು ಬಗ್ಗಿ ನೋಡಿದಳು. ಎದ್ದು ನಿಂತಾಗ ಅವಳ ಕಣ್ಣಲ್ಲಿ ಒಂದು ಹೊಳಪು ಬಂದಿತ್ತು.

“ಇದು ಸಿಜೇರಿಯನ್ನು,” ಅಂದಳು.

“ಅಮ್ಮ!” ಎಂದೆವು ಮೂವರೂ ಒಟ್ಟಿಗೆ.

“ನಾನೇನಂದೆ? ಸಿಜೇರಿಯನ್ನು ಅಂದೆ. ಬಾಣಂತನ ಮಾಡ್ತೀನಿ ಅಂದ್ನಾ?”

ಬಾಡಿಗೆ ಕಾರು ದೇವನಹಳ್ಳಿ ದಾಟಿ ವಿಜಯಪುರದ ಬಸ್ ಸ್ಟಾಂಡಿನ ಹತ್ತಿರ ಬಂದಾಗ ಅಕ್ಕ ಡ್ರೈವರ್ ಹುಡುಗನ ಭುಜ ತಟ್ಟಿದಳು. “ಇಲ್ಲೇ ನಿಲ್ಸಪ್ಪ.”

“ಮನೆ ಇನ್ನೂ ಅಷ್ಟು ದೂರ ಐತಲ್ಲೇ,” ಅಂದ ಮಾವ.

“ಅದಕ್ಕೇ ಇಲ್ಲಿ ಇಳಿಯೋದು. ಕೊಡ ಬೀಳಿಸಿದ್ದು ಊರೆಲ್ಲ ನೋಡೈತಂತೆ. ನಡೆಯೋದೂ ನೋಡ್ಲಿ.”

ಡಾಕ್ಟರಮ್ಮ ನಡೆಯಬೇಕೆಂದೇ ಹೇಳಿದ್ದರು, ಹಾಗಾಗಿ ತಡೆಯಲು ನಮಗೆ ನೆಪವಿರಲಿಲ್ಲ. ಅಕ್ಕ ಇಳಿದಳು. ಅಮ್ಮ ಅಭ್ಯಾಸಬಲದಿಂದ ತೋಳಿಗೆ ಕೈ ಹಾಕಿದಳು. ಅಕ್ಕ ಆ ಕೈಯನ್ನು ತೆಗೆದು ನನ್ನ ಕೈಗಿಟ್ಟಳು. “ಇವಳನ್ನ ನೋಡ್ಕೋ,” ಅಂದು ನಡೆದಳು.

ತಲೆಗೆ ಬಟ್ಟೆಯಿಲ್ಲ, ಕಿವಿಗೆ ಹತ್ತಿಯಿಲ್ಲ. ಹನ್ನೊಂದರ ಬಿಸಿಲು ನೇರ ಮುಖಕ್ಕೆ. ರಸ್ತೆಯ ಅಂಚಿನಲ್ಲಿ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದ ಮುದುಕಿ, “ಏನವ್ವಾ, ಹುಷಾರಾದ್ಯಾ?” ಅಂದಳು. ಅಕ್ಕ ಬಗ್ಗಿ, ತಲೆ ತಿರುಗದೆ ಬಗ್ಗಿ, ಒಂದು ಕಾಯಿ ತೆಗೆದು ಮೂಸಿ ನೋಡಿ, “ಸೊಗಡೇ ಇಲ್ವಲ್ಲ ಇದರಲ್ಲಿ. ಮಂಜು ಬೀಳೋಕೆ ಮುಂಚೆ ಕಿತ್ತಿದೀಯ,” ಎಂದು ಬೈಯುತ್ತಲೇ ಚೀಲ ತುಂಬಿಸಿ ಮಾವನ ಕೈಗೆ ಕೊಟ್ಟಳು. ಸೈಕಲ್ ಅಂಗಡಿಯವರು ನಿಂತು ನೋಡಿದರು. ಟೀ ಅಂಗಡಿಯ ಬೆಂಚು ಪೂರ್ತಿ ಎದ್ದಿತು. ಅವಳು ಒಬ್ಬೊಬ್ಬರಿಗೂ ಉತ್ತರ ಕೊಡುತ್ತ, ಒಬ್ಬೊಬ್ಬರನ್ನೂ ಛೇಡಿಸುತ್ತ ಹೋದಳು. ಯಾವ ಪ್ರಶ್ನೆಗೂ ನಿಲ್ಲಲಿಲ್ಲ. ನಡೆಯುತ್ತಲೇ ಉತ್ತರ.

ಅಕ್ಕನ ಬೀದಿ ಬಂತು. ಎದುರುಮನೆಯಾಕೆ ಜಗಲಿಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅಕ್ಕ ನಿಂತು ಆರತಿ ಮಾಡಿಸಿಕೊಂಡಳು, ಅವಳ ಕೆನ್ನೆ ಮುಟ್ಟಿದಳು. ಆಮೇಲೆ ಅಕ್ಕ ತನ್ನ ಮನೆಯ ಬಾಗಿಲನ್ನೊಮ್ಮೆ ನೋಡಿದಳು, ಮುಂದೆ ನಡೆದಳು.

“ಏಯ್, ಎಲ್ಲಿಗೇ? ಮನೆ ಬಂತು ಕಣೇ!” ಮಾವ ಚೀಲ ಹೊತ್ತು ಏದುಸಿರು ಬಿಡುತ್ತಿದ್ದ.

“ಬಂದ್ರೆ ಬರ್ಲಿ. ಕಾಲು ಸಾಕು ಅಂತಿಲ್ಲ.”

“ಇನ್ನೆಲ್ಲಿಗೆ ಹೋಗ್ತೀಯ?”

“ತಂಗಿ ಮನೆಗೆ. ಅವರೆಕಾಯಿ ಸಾರು ಮಾಡ್ಸಿ, ಅಲ್ಲೇ ಉಂಡು, ಆಮೇಲೆ ಬರ್ತೀನಿ.”

ಆಸ್ಪತ್ರೆಯ ಓಡಾಟದಲ್ಲಿ ನನ್ನ ಮನೆಯಲ್ಲಿ ಒಲೆ ಹಚ್ಚಿ ದಿನಗಳಾಗಿದ್ದವು. ಬೀಗದ ಕೈ ನನ್ನ ಸೊಂಟದಲ್ಲಿತ್ತು, ಒಂದು ಕೈಯಲ್ಲಿ ಅಮ್ಮ ಇದ್ದಳು. “ಅಕ್ಕ, ನಿಲ್ಲೇ, ಬಾಗಿಲು ತೆಗೀಬೇಕು,” ಎಂದು ಕೂಗಿದೆ. ಅವಳು ಆಗಲೇ ತಿರುವಿನಲ್ಲಿ ಮರೆಯಾಗಿದ್ದಳು. ಅಮ್ಮ ನನ್ನ ಬೆನ್ನಿಗೆ ಗುದ್ದಿ, “ನನ್ನ ಬಿಟ್ಟು ಓಡೇ, ಓಡು. ನನ್ನ ಮಗಳು ಬಿಸಿಲಲ್ಲಿ ಕಾಯ್ತಾಳೆ,” ಅಂದಳು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಅಕ್ಕನ ಹಿಂದೆ ಓಡಿದೆ.